ಏನೂ ಕೆಲಸವಿಲ್ಲದ ದಿನಕ್ಕೆ ಶರಣು

ಶಿವನೇ, ಇವತ್ತು ಬೇಡಲು ಬಂದಿಲ್ಲ ಎಂದರೆ ನೀನು ನಗುತ್ತೀ. ನಾನು ಬೇಡದ ದಿನ ಯಾವುದಿತ್ತು? ಆದರೂ ಮೊದಲು ಕೊಟ್ಟದ್ದನ್ನು ನೆನೆಯುತ್ತೇನೆ. ಬೇಡುವುದು ಇದ್ದೇ ಇದೆ.

ಮಗನ ಲಗ್ನ ಮುಗಿಯಿತು. ಸುರಗಿಯ ನೂಲು ತುಂಡಾಗಲಿಲ್ಲ. ಅಡುಗೆ ಕಡಿಮೆ ಬೀಳಲಿಲ್ಲ. ಬೀಗರ ಮುಖ ಬಾಡಲಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು, ನಿಜ. ಆದರೆ ಶಹನಾಯಿಗೆ ಕರೆಂಟು ಬೇಕಿಲ್ಲವಲ್ಲ! ಅದಕ್ಕೂ ಶರಣು.

ಇದೆಲ್ಲ ನೀನು ಕೊಟ್ಟ ದೊಡ್ಡ ದಾನ. ಆದರೆ ನನ್ನ ಮನಸ್ಸು ಹಿಡಿದುಕೊಂಡದ್ದು ಅದರ ಮರುದಿನವನ್ನು. ಮನೆದೇವರಿಗೆ ಹೋಗುವುದು ಸೋಮವಾರ ಎಂದು ಹಿರಿಯರು ಹೇಳಿದ್ದರಿಂದ ಒಂದು ದಿನ ನಡುವೆ ಬರಿದಾಗಿ ಉಳಿಯಿತು. ಹುಟ್ಟಿದಾಗಿನಿಂದ ನನಗೆ ಬರಿದಾದ ದಿನ ಸಿಕ್ಕಿದ್ದು ಕಡಿಮೆ. ಏನು ಮಾಡಬೇಕೆಂದು ತಿಳಿಯದೆ ಕಸಬರಿಗೆ ಹಿಡಿದು ನಿಂತಿದ್ದೆ. ಮಗ ಅದನ್ನು ಕಸಿದುಕೊಂಡು, ‘ನಡಿಯವ್ವ, ಗೊಟಗೋಡಿಗೆ ಹೋಗಿ ಬರೂಣು’ ಅಂದ. ಕ್ರೂಸರ್ ಗಾಡಿ ಬಾಗಿಲಿಗೇ ಬಂತು. ಕಟಕರೊಟ್ಟಿ, ಶೇಂಗಾ ಚಟ್ನಿ, ಉಳಿದ ಮಾದಲಿ, ಮೊಸರನ್ನ ಬುತ್ತಿ ಕಟ್ಟಿಕೊಂಡು ಎಲ್ಲರೂ ಹತ್ತಿದೆವು. ಯಾರೂ ಹೊತ್ತು ನೋಡಲಿಲ್ಲ. ಇಂಥ ಹೊರಡುವಿಕೆಯನ್ನು ಕೊಟ್ಟೆಯಲ್ಲ ತಂದೆ, ಇದನ್ನು ನಾನು ಕೇಳಿಯೂ ಇರಲಿಲ್ಲ.

ವೈಶಾಖದ ಬಿಸಿಲು. ಎರೆಹೊಲಗಳು ಬಿರುಕು ಬಿಟ್ಟು ಮಲಗಿದ್ದವು. ಒಂದು ಹಸಿರು ಕಡ್ಡಿಯೂ ಇಲ್ಲ. ಸೊಸೆಯ ಸೋದರಮಾವ ಕಿಟಕಿಯ ಹತ್ತಿರ ಕುಳಿತಿದ್ದ. ಅವನು ಒಮಾನ್ ದೇಶದ ಸಲಾಲಾದಲ್ಲಿ ದುಡಿಯುತ್ತಾನೆ. ಲಗ್ನಕ್ಕೆಂದೇ ರಜೆ ಹಾಕಿ ಬಂದಿದ್ದ. ‘ಇದೇನು ಬರಡು ಅಂತೀರಿ ಅಕ್ಕಾರ, ಊರ ಹಿಂದಿನ ಗುಡ್ಡ ದಾಟಿದರ ಅಲ್ಲಿ ಬರೀ ಉಸುಕು. ಕಣ್ಣು ಹೋದಷ್ಟು ದೂರ ಉಸುಕು’ ಅಂದ. ಅವನ ದನಿಯಲ್ಲಿ ದೂರು ಇರಲಿಲ್ಲ. ಆ ಉಸುಕಿನ ದುಡಿಮೆಯಿಂದಲೇ ನನ್ನ ಸೊಸೆಯ ಕೊರಳಿಗೆ ಒಂದು ಎಳೆ ಬಂಗಾರ ಬಂದಿದೆ. ನೀನು ಅಲ್ಲಿಯೂ ಇದ್ದು ಅವನನ್ನು ಕಾಯ್ದೆ. ನಿನಗೆ ಯಾವ ನೆಲವೂ ಹೊರಗಿನದಲ್ಲ.

ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ನಿನ್ನ ಕೆಲಸವನ್ನು ಮನುಷ್ಯ ಸಿಮೆಂಟಿನಲ್ಲಿ ಮಾಡಿ ಇಟ್ಟಿದ್ದಾನೆ, ನೋಡಿರುತ್ತೀ. ಉಳುವವರು, ಎತ್ತುಗಳು, ಹೈನ ಮಾಡುವವರು, ಕಸುಬಿನವರು. ಹೆದ್ದಾರಿಯ ಲಾರಿಗಳ ಸದ್ದಿನ ಪಕ್ಕದಲ್ಲೇ ಒಂದು ಇಡೀ ಹಳ್ಳಿ ತನ್ನ ಪಾಡಿಗೆ ದುಡಿಯುತ್ತ ನಿಂತಿದೆ. ಇದನ್ನು ಕಟ್ಟಿದ ಕಲಾವಿದ ಟಿ.ಬಿ. ಸೊಲಬಕ್ಕನವರ 2020ರಲ್ಲಿ ನಿನ್ನ ಕಡೆ ಬಂದರು. ದೊಡ್ಡಾಟವನ್ನೂ ಉಳಿಸಲು ಓಡಾಡಿದ ಜೀವ ಅದು. ಅವರಿಗೆ ಅಲ್ಲಿ ಒಂದಿಷ್ಟು ಮಣ್ಣು ಕೊಟ್ಟಿರು ಸ್ವಾಮಿ, ಕೈ ಸುಮ್ಮನಿರಲಾರದು.

ನಮ್ಮ ಅತ್ತೆ ಎತ್ತುಗಳ ಮುಂದೆ ನಿಂತವರು ಮುಂದಕ್ಕೆ ಹೋಗಲೇ ಇಲ್ಲ. ಕಣದ ನಡುವೆ ಮೇಟಿ ನೆಡುವುದು ಹೇಗೆ, ಎತ್ತುಗಳನ್ನು ಸಾಲಾಗಿ ಕಟ್ಟಿ ಹಂತಿ ಹೊಡೆಯುವುದು ಹೇಗೆ, ನಿದ್ದೆ ಬಾರದಂತೆ ಇಡೀ ರಾತ್ರಿ ಹಂತಿಪದ ಹಾಡುವುದು ಹೇಗೆ, ಎಲ್ಲವನ್ನೂ ಮೊಮ್ಮಗನ ಹೆಂಡತಿಗೆ ಹೇಳಿದರು. ನನಗೆ ಇಷ್ಟು ವರ್ಷದಲ್ಲಿ ಇದನ್ನೆಲ್ಲ ಹೇಳಿರಲಿಲ್ಲ. ನಾನು ಕೇಳಲೂ ಇಲ್ಲ ಅನ್ನು. ನಮ್ಮಿಬ್ಬರಿಗೂ ಒಲೆಯ ಮುಂದೆ ಪುರಸೊತ್ತು ಎಲ್ಲಿತ್ತು? ಹುಡುಗಿ ಫೋನು ಚೀಲದಲ್ಲಿಟ್ಟು ಕೇಳಿಸಿಕೊಂಡಳು. ಆ ಒಂದಕ್ಕೇ ನಿನ್ನ ಪಾದಕ್ಕೆ ನೂರು ಸಲ ಬೀಳುತ್ತೇನೆ.

ಇದೇ ಊರಿನಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, 2011ರಲ್ಲಿ ಆದದ್ದು. ಅಲ್ಲಿ ಏನು ಕಲಿಸುತ್ತಾರೆಂದು ಅತ್ತೆ ಕೇಳಿದರು. ‘ನಿನ್ನ ಹಾಡನ್ನ ಕಲಸ್ತಾರ, ಆಯಿ’ ಎಂದ ಮಗ. ‘ಹಂಗಾರ ನನಗ ಪಗಾರ ಕೊಡಾಕ ಹೇಳು’ ಅಂದರು. ಎಲ್ಲರೂ ನಕ್ಕೆವು. ಬೀಗರ ಕಡೆಯವರೂ ನಕ್ಕರು. ಎರಡು ಮನೆ ಒಂದಾಗುವುದು ಮಂಟಪದಲ್ಲಿ ಎನ್ನುತ್ತಾರೆ. ನಮ್ಮದು ಆ ನಗುವಿನಲ್ಲಿ ಆಯಿತೆಂದು ನನಗನಿಸಿತು. ಕಟ್ಟಿಸಿಕೊಟ್ಟ ನಿನಗೇ ಗೊತ್ತು.

ಅಲ್ಲಿಂದ ಸವಣೂರಿಗೆ ಹೊರಟೆವು. ದಾರಿಯಲ್ಲಿ ಚಹಾಕ್ಕೆ ನಿಂತೆವು, ಕಾರಣವಿಲ್ಲದೆ ಇನ್ನೊಮ್ಮೆಯೂ ನಿಂತೆವು. ಊರಲ್ಲಿ ಎಲೆ ಕೊಂಡೆವು, ಖಾರ ಕೊಂಡೆವು. ದೊಡ್ಡಹುಣಸೆ ಮಠದ ಮರಗಳ ಮುಂದೆ ಬಂದಾಗ ಮಾತು ತಾನೇ ನಿಂತಿತು. ಎಲೆಯಿಲ್ಲದ ಕೊಂಬೆ. ಇಡೀ ಮನೆಯವರು ಕೈ ಹಿಡಿದು ನಿಂತರೂ ಬಳಸಲಾಗದ ಬೊಡ್ಡೆ. ಎರಡು ಸಾವಿರ ವರ್ಷದ್ದು ಎನ್ನುವವರೂ ಇದ್ದಾರೆ. ಲೆಕ್ಕ ನಿನ್ನ ಬಳಿ ಇರಲಿ.

ಸೋದರಮಾವ ಬೊಡ್ಡೆಯ ಮೇಲೆ ಕೈಯಿಟ್ಟು, ‘ಈ ಮರ ಅಲ್ಲಿಯೂ ಐತ್ರಿ’ ಅಂದ. ಸಲಾಲಾದ ಆಚೆ, ಮಿರ್ಬಾತ್ ಊರಿನ ಹತ್ತಿರದ ಕಣಿವೆಯಲ್ಲಿ ಇಂಥವೇ ಮರಗಳಿವೆಯಂತೆ. ರಜೆಯ ದಿನ ಒಬ್ಬನೇ ಹೋಗಿ ಅವುಗಳ ಕೆಳಗೆ ಕೂತು ಬರುತ್ತಾನಂತೆ. ಸವಣೂರಿನಲ್ಲಿ ಕೂತಂತಾಗುತ್ತದೆ ಎಂದ. ಆಫ್ರಿಕಾದ ಒಣನಾಡಿನ ಮರ ಈ ದೊಡ್ಡಹುಣಸೆ. ಅದರ ಬೀಜ ಕಡಲು ದಾಟಿ ಅಲ್ಲಿಗೂ ಬಂತು, ಇಲ್ಲಿಗೂ ಬಂತು. ಯಾರ ಜೋಳಿಗೆಯಲ್ಲಿ ತಂದೆಯೋ ನೀನು! ಮನೆ ಬಿಟ್ಟು ದುಡಿಯಲು ಹೋದವನಿಗೆ ಮನೆಯದೊಂದು ಮರವನ್ನು ಅಷ್ಟು ಮೊದಲೇ ಅಲ್ಲಿ ಬೆಳೆಸಿಟ್ಟವನು ನೀನು. ನಾನು ನಿನ್ನನ್ನು ಎಷ್ಟು ಸಣ್ಣವನೆಂದು ತಿಳಿದು ಸಣ್ಣಸಣ್ಣದಕ್ಕೆ ಕಾಡುತ್ತಿರುತ್ತೇನೆ.

ಸವಣೂರಿನ ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಹಿತ ಉರುಳಿತ್ತು. ಮುಗಿಯಿತೆಂದು ಜನ ಮರುಗಿದರು. ಆದರೆ ಕ್ರೇನು ತರಿಸಿ, ಎತ್ತಿ, ಮತ್ತೆ ನೆಲದಲ್ಲಿ ನಿಲ್ಲಿಸಿದರು. ಅದು ಮತ್ತೆ ಚಿಗುರೊಡೆಯಿತು. ಎತ್ತಿದ ಕೈಗಳನ್ನು ತಣ್ಣಗಿಡು. ಮುಪ್ಪಿನಲ್ಲಿ ಬಿದ್ದವರನ್ನು ಹೀಗೆ ಎತ್ತಿ ನಿಲ್ಲಿಸುವ ಮಕ್ಕಳನ್ನು ನಮಗೂ ಕೊಟ್ಟಿರು. ಇದು ನನ್ನ ಸ್ವಾರ್ಥ. ಮುಚ್ಚಿಡುವುದಿಲ್ಲ.

ಈ ಮರ ಮಳೆಗಾಲದಲ್ಲಿ ತನ್ನ ಬೊಡ್ಡೆಯೊಳಗೆ ನೀರು ತುಂಬಿಕೊಳ್ಳುತ್ತದೆ. ಒಣಗಾಲ ಬಂದಾಗ ಎಲೆ ಉದುರಿಸಿ, ಆ ನೀರಿನಲ್ಲೇ ಜೀವ ಹಿಡಿದಿರುತ್ತದೆ. ನನ್ನ ಮಗ-ಸೊಸೆಗೂ ಹಾಗೆ ಒಳಗೆ ತುಂಬಿಕೊಳ್ಳುವ ಗುಣ ಕೊಡು. ಇವತ್ತಿನ ನಗುವನ್ನು, ಈ ಬುತ್ತಿಯ ರುಚಿಯನ್ನು, ಅಜ್ಜಿ ಹೇಳಿದ ಹಂತಿಯ ಮಾತನ್ನು ಅವರು ಎಲ್ಲಾದರೂ ಇಟ್ಟುಕೊಂಡಿರಲಿ. ಬೆಳೆ ಕೈಕೊಟ್ಟ ವರ್ಷ ಬಂದೇ ಬರುತ್ತದೆ. ಇಬ್ಬರ ನಡುವೆ ಮಾತು ಬತ್ತಿದ ದಿನಗಳೂ ಬರುತ್ತವೆ. ನನಗೂ ನನ್ನ ಯಜಮಾನರಿಗೂ ಬಂದಿದ್ದವು, ನೀನು ನೋಡಿದ್ದೀ. ಆಗ ತೆಗೆದು ಕುಡಿಯಲು ಅವರಿಗೆ ಏನಾದರೂ ಇರಲಿ.

ನನಗೂ ಒಂದಿಷ್ಟು ಬುದ್ಧಿ ಕೊಡು. ಹುಡುಗಿ ತಡವಾಗಿ ಎದ್ದರೆ ನನ್ನ ನಾಲಿಗೆ ಹಿಡಿ. ರೊಟ್ಟಿ ದಪ್ಪವಾದರೆ ಕಣ್ಣು ಮುಚ್ಚು. ಅವಳ ತವರಿನ ಮಾತು ಬಂದಾಗ ನನ್ನ ದನಿ ಮೃದುವಾಗಿರಲಿ. ಸಾಲ ತೀರುವವರೆಗೆ ಯಜಮಾನರಿಗೆ ಸೊಂಟದ ನೋವು ಬಾರದಿರಲಿ. ಅತ್ತೆಗೆ ಇನ್ನೊಂದು ಸುಗ್ಗಿ ತೋರಿಸು.

ಬೇಡುವುದಿಲ್ಲವೆಂದವಳು ಎಷ್ಟೊಂದು ಬೇಡಿದೆ ನೋಡು. ಇನ್ನೊಂದೇ ಇದೆ. ಸಲಾಲಾದಲ್ಲೂ ಮಳೆಗಾಲ ಬರುತ್ತದಂತೆ, ಆದರೆ ಬರೀ ಜಿನುಗು ಮಳೆ, ಗುಡುಗು ಕೇಳುವುದು ಅಪರೂಪವಂತೆ. ಆ ಅಣ್ಣನ ರಜೆ ಮುಗಿಯುವುದರೊಳಗೆ ನಮ್ಮ ಎರೆಹೊಲಕ್ಕೆ ಒಂದು ಅಡ್ಡಮಳೆ ಕೊಡು ಶಿವನೇ. ಗುಡುಗು, ಮಿಂಚು, ಆಣೆಕಲ್ಲು ಸಮೇತ ಕೊಡು. ನಮಗೆ ಹದವಾದೀತು, ಅವನು ತೊಯ್ಸಿಕೊಂಡು ಹೋದಾನು.