ಬಂಡಿಯ ತಳವೂ ಜೀರ್ಣೋದ್ಧಾರದ ಧರ್ಮವೂ

ಜೀರ್ಣವಾದುದನ್ನು ಉದ್ಧರಿಸುವುದು ಪುಣ್ಯವೆಂದು ಶಿಷ್ಟರು ಹೇಳುತ್ತ ಬಂದಿದ್ದಾರೆ. ದೇವಾಲಯ, ಕೆರೆ, ಬಾವಿಗಳ ವಿಷಯದಲ್ಲಿ ಈ ಮಾತು ಸರ್ವಸಮ್ಮತವಾದುದು. ಆದರೆ ಮನೆಯಂಗಳದಲ್ಲಿ ನಿಂತ ಹಳೆಯ ಜೀಪಿನ ತಳದ ತಗಡು ತುಕ್ಕು ಹಿಡಿದು ತೂತಾದಾಗ, ಅದಕ್ಕೆ ಯಾವ ವಸ್ತುವಿನಿಂದ ತೇಪೆ ಹಾಕಿಸಬೇಕೆಂಬುದು ಧರ್ಮವಿಚಾರಕ್ಕೆ ಯೋಗ್ಯವಾದ ಪ್ರಶ್ನೆಯೆಂದು ಯಾರಿಗೂ ತೋರದು. ಅದು ಕುಶಲಕರ್ಮಿಯ ಪ್ರಶ್ನೆ, ಹಣದ ಪ್ರಶ್ನೆ ಎಂದು ತಳ್ಳಿಬಿಡುವವರೇ ಹೆಚ್ಚು. ವಿಚಾರಿಸಿ ನೋಡಿದರೆ, ಆ ವಸ್ತುವಿನ ಆಯ್ಕೆಯಲ್ಲಿಯೇ ಮನುಷ್ಯನ ಸತ್ಯನಿಷ್ಠೆಯ ಪರೀಕ್ಷೆ ಅಡಗಿರುವುದು ಕಂಡುಬರುತ್ತದೆ.

ಕವಲೇದುರ್ಗದ ಸುತ್ತಣ ಸೀಮೆಯಲ್ಲಿ, ಎಂದರೆ ತೀರ್ಥಹಳ್ಳಿ, ಹೊಸನಗರ, ಸಾಗರಗಳ ಮಲೆನಾಡಿನಲ್ಲಿ, ಈ ಪ್ರಶ್ನೆ ವರ್ಷವರ್ಷವೂ ಏಳುವಂಥದು. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಡಕೆಯ ತೋಟದ ಕೆಸರುಹಾದಿಗೂ ಕೊಡಚಾದ್ರಿಯ ಏರುದಾರಿಗೂ ಬಹುಮಂದಿಗೆ ಜೀಪೇ ಆಶ್ರಯ. ಕೆಸರು ತಗಡಿನ ಅಡಿಗೆ ಮೆತ್ತಿಕೊಳ್ಳುವುದು. ಒದ್ದೆಗಾಲುಗಳು ತಂದ ನೀರು ಮೇಲಣ ಹಾಸಿನ ಕೆಳಗೆ ನಿಲ್ಲುವುದು. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಹುಟ್ಟಿದ ತುಕ್ಕು ತನ್ನ ಮೂಲಲೋಹಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸಿ ಬಣ್ಣವನ್ನು ಎಬ್ಬಿಸುತ್ತದೆ. ಎದ್ದ ಬಣ್ಣದ ಸಂದಿಯಲ್ಲಿ ಮತ್ತೆ ನೀರು ಸೇರುತ್ತದೆ. ಹೀಗೆ ಕಾರ್ಯವೇ ಕಾರಣವಾಗಿ ಕ್ಷಯವು ಮುಂದುವರಿಯುವುದು. ಮೇಲೆ ಹಾಸು ಮುಚ್ಚಿರುವುದರಿಂದ ಒಡೆಯನ ಕಣ್ಣಿಗೆ ಇದಾವುದೂ ಬೀಳದು.

ಇಲ್ಲಿ ಪೂರ್ವಪಕ್ಷಿಯು ಹೇಳುವುದೇನೆಂದರೆ: ತೂತು ಮುಚ್ಚಿದರೆ ಸಾಕು, ಪ್ಲೈವುಡ್ಡಿನ ತುಂಡಾಗಲಿ, ಫೈಬರಾಗಲಿ, ಒಂದು ಬಳಿ ಡಾಂಬರಾಗಲಿ, ನೀರು ಬಾರದಂತೆ ತಡೆದರೆ ಕೆಲಸವಾಯಿತಲ್ಲ? ಇದಕ್ಕೆ ಸಮಾಧಾನ: ತಳದ ತಗಡು ನೀರನ್ನು ತಡೆಯುವ ಮುಚ್ಚಳ ಮಾತ್ರವಲ್ಲ. ಆಸನದ ಬೋಲ್ಟುಗಳನ್ನು ಹಿಡಿದಿರುವುದು ಅದೇ. ಕುಳಿತವರ ಭಾರವನ್ನು ಚೌಕಟ್ಟಿಗೆ ಒಪ್ಪಿಸುವುದೂ ಅದೇ. ಪ್ಲೈವುಡ್ಡು ನೀರನ್ನು ಹೀರಿ ತನ್ನಡಿಯ ಕಬ್ಬಿಣವನ್ನು ಸದಾ ಒದ್ದೆಯಾಗಿಡುತ್ತದೆ. ಫೈಬರು ತುಕ್ಕಿನ ಮೇಲೆ ಗಟ್ಟಿಯಾಗಿ ಅಂಟದು. ಅಂಟಿದರೂ ಆಸನದ ಬೋಲ್ಟುಗಳ ಸೆಳೆತಕ್ಕೆ ತಡೆಯದು. ತುಕ್ಕಿನ ಮೇಲೆ ಬಳಿದ ಡಾಂಬರು ಒಳಗಣ ತೇವವನ್ನು ಬಂಧಿಸಿಡುವುದು. ಮೇಲೆ ವಾಸಿಯಾಗಿ ಒಳಗೆ ಕೀವು ಉಳಿದ ವ್ರಣದಂತೆ ಈ ಬಗೆಯ ತೇಪೆ. ರೋಗವು ಹಾಗೆಯೇ ಉಳಿಯುವುದು; ರೋಗದ ಅರಿವು ಮಾತ್ರ ಹೋಗುವುದು.

ಹಾಗಾದರೆ ಎಲ್ಲಕ್ಕಿಂತ ಉತ್ತಮವಾದ ಲೋಹವನ್ನೇ ತರೋಣ, ತುಕ್ಕೇ ಹಿಡಿಯದ ಸ್ಟೇನ್‌ಲೆಸ್ ಸ್ಟೀಲನ್ನೋ ಅಲ್ಯೂಮಿನಿಯಮ್ಮನ್ನೋ ಹಾಕೋಣ ಎಂದು ಇನ್ನೊಬ್ಬರು ಹೇಳಬಹುದು. ಇದು ಉದಾರವಾದ ಪಕ್ಷ, ಆದರೂ ವಿಚಾರಶೂನ್ಯವಾದುದು. ಎರಡು ವಿಜಾತೀಯ ಲೋಹಗಳು ಒದ್ದೆಯಲ್ಲಿ ಪರಸ್ಪರ ತಗುಲಿಕೊಂಡಿದ್ದರೆ ಅವುಗಳಲ್ಲಿ ಒಂದು ಇನ್ನೊಂದನ್ನು ಸವೆಸುವುದು. ಸ್ಟೇನ್‌ಲೆಸ್ ಸ್ಟೀಲಿನ ಪಕ್ಕದ ಸಾಮಾನ್ಯ ಉಕ್ಕು ಮೊದಲಿಗಿಂತ ಬೇಗನೆ ತುಕ್ಕು ಹಿಡಿಯುತ್ತದೆ. ಉಕ್ಕಿಗೆ ರಿವೆಟ್ ಮಾಡಿದ ಅಲ್ಯೂಮಿನಿಯಮ್ಮಾದರೋ ಸಾಮಾನ್ಯವಾಗಿ ತಾನೇ ಕ್ಷಯಿಸುತ್ತದೆ. ಘಟ್ಟವಿಳಿದು ಕರಾವಳಿಯ ಉಪ್ಪುಗಾಳಿಗೆ ಹೋಗಿಬರುವ ಬಂಡಿಗೆ ಈ ಹಾನಿ ಇನ್ನೂ ಶೀಘ್ರವಾದುದು. ಕವಲೇದುರ್ಗದ ಕೋಟೆಯ ಗೋಡೆಗೆ ಬೇಕಾದದ್ದು ಬೆಲೆಯುಳ್ಳ ಕಲ್ಲಲ್ಲ, ನೆರೆಯ ಕಲ್ಲಿನೊಡನೆ ಕೂಡಿ ಭಾರ ಹೊರುವ ಕಲ್ಲು. ವಸ್ತುವಿನ ಶ್ರೇಷ್ಠತೆಯು ಅದರಲ್ಲಿ ಮಾತ್ರ ಇರುವುದಲ್ಲ. ಅದು ಸೇರುವ ಸ್ಥಾನದಲ್ಲಿಯೂ ಇರುವುದು. ದಾನದಲ್ಲಿ ಪಾತ್ರವನ್ನು ನೋಡುವಂತೆ ಉದ್ಧಾರದಲ್ಲಿ ಸಂಯೋಗವನ್ನು ನೋಡತಕ್ಕದ್ದು.

ಸತು ಲೇಪಿಸಿದ ತಗಡಿನ ವಿಷಯವು ಬೇರೆ. ಅಲ್ಲಿಯೂ ಲೋಹಗಳು ಎರಡೇ. ಆದರೆ ಸತುವು ಮೊದಲು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಗುಣವಂತವಾದ ಈ ವಸ್ತುವಿಗೂ ಒಂದು ನಿಬಂಧನೆಯುಂಟು. ವೆಲ್ಡಿಂಗಿನ ಬಿಸಿಗೆ ಸತುವು ಹೊಗೆಯಾಗಿ ಎದ್ದು, ಅದನ್ನು ಉಸಿರಾಡಿದ ಕೆಲಸಗಾರನಿಗೆ ಚಳಿಜ್ವರವನ್ನು ತರುತ್ತದೆ. ಬೆಸೆಯುವ ಅಂಚಿನ ಸತುವನ್ನು ಮೊದಲೇ ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕೆಲಸ ಮಾಡಿಸಬೇಕು. ಬಂಡಿ ಬೇಗ ಸಿಗಲೆಂಬ ಆತುರದಿಂದ ಈ ಎಚ್ಚರವನ್ನು ಬಿಡಿಸುವ ಒಡೆಯನು ತನ್ನ ತಗಡಿನ ಆಯುಸ್ಸನ್ನು ಇನ್ನೊಬ್ಬನ ಆರೋಗ್ಯವನ್ನು ತೆತ್ತು ಕೊಂಡಂತಾಗುವುದು.

ಆದುದರಿಂದ ಸಿದ್ಧಾಂತವಿದು. ಮೊದಲು ಹಾಸನ್ನು ಎತ್ತಿ, ಸುತ್ತಿಗೆಯಿಂದ ತಟ್ಟಿ, ಹೊಳೆಯುವ ಗಟ್ಟಿ ಲೋಹ ಸಿಕ್ಕುವವರೆಗೂ ತುಕ್ಕಿನ ಭಾಗವನ್ನು ಕತ್ತರಿಸಬೇಕು. ಮೂಲದ ಜಾತಿಯ ಉಕ್ಕನ್ನೇ, ಮೂಲದಷ್ಟೇ ದಪ್ಪದಲ್ಲಿ ತರಬೇಕು. ಮೂಲವು ಹದಿನೆಂಟನೆಯ ಗೇಜಿನದಾದರೆ ಅದು ಸುಮಾರು 1.2 ಮಿಲಿಮೀಟರ್. ಹಳೆಯ ತಗಡಿನಲ್ಲಿ ಒತ್ತಿದ ಏಣುಗಳಿದ್ದರೆ ಹೊಸದರಲ್ಲಿಯೂ ಅವು ಇರಬೇಕು. ಬಿಗುವು ಬರುವುದು ಅವುಗಳಿಂದಲೇ. ಬೆಸೆದ ಬಳಿಕ ಸಂದಿಗಳನ್ನು ಮುಚ್ಚಿ, ಮೇಲೂ ಕೆಳಗೂ ಪ್ರೈಮರನ್ನೂ ಬಣ್ಣವನ್ನೂ ಬಳಿದು, ನೀರು ಹರಿದುಹೋಗುವ ತೂತುಗಳನ್ನು ತೆರೆದೇ ಬಿಡಬೇಕು. ಕೆಳಗಣ ಬಣ್ಣವನ್ನು ಯಾರೂ ನೋಡರು. ಅದನ್ನು ಬಳಿದನೋ ಬಿಟ್ಟನೋ ಎಂಬುದರಲ್ಲಿಯೇ ಕೆಲಸದ ಶುದ್ಧಿ ತಿಳಿಯುವುದು.

ಇನ್ನು ಕಡೆಯ ಆಕ್ಷೇಪವೇ ಕಠಿನವಾದುದು. ಬಂಡಿಯ ಬೆಲೆಗಿಂತ ರಿಪೇರಿಯ ವೆಚ್ಚ ಹೆಚ್ಚಾದರೆ ಬಡವನು ಏನು ಮಾಡಬೇಕು? ಬಾಡಿಗೆಯ ಜೀಪೇ ಅವನ ಮನೆಯ ಅನ್ನವಾಗಿರಬಹುದು. ಶಾಸ್ತ್ರವು ಅಶಕ್ತನ ಮೇಲೆ ಅಶಕ್ಯವನ್ನು ಹೊರಿಸದು. ಹಣ ಕೂಡುವವರೆಗೆ ಬಂಡಿಯನ್ನು ನಿಲ್ಲಿಸಬಹುದು. ಭಾರ ಬೀಳುವ ಭಾಗವನ್ನು ಮೊದಲು ಸರಿಮಾಡಿಸಿ ಉಳಿದುದನ್ನು ಮುಂದಕ್ಕೆ ಇಟ್ಟುಕೊಳ್ಳಬಹುದು. ಇದ್ದುದನ್ನು ಇದ್ದಂತೆ ಹೇಳಿ ಮಾರಬಹುದು. ತುಕ್ಕಿನ ಮೇಲೆ ಹಾಸು ಹೊದಿಸಿ ಜನರನ್ನು ಕೂರಿಸುವುದಕ್ಕೆ ಮಾತ್ರ ಬಡತನವು ಅನುಮತಿಯಾಗಲಾರದು. ಏಕೆಂದರೆ ಅಲ್ಲಿ ಪಣಕ್ಕಿಡುವುದು ತನ್ನ ಹಣವನ್ನಲ್ಲ, ಪರರ ಮಕ್ಕಳ ಪ್ರಾಣವನ್ನು. ಈ ಕಾರಣದಿಂದ ಅವನ ನೆರೆಹೊರೆಗೂ ಒಂದು ಕರ್ತವ್ಯ ಒದಗುತ್ತದೆ. ನಿತ್ಯವೂ ಆ ಜೀಪಿನಲ್ಲಿ ಮಕ್ಕಳನ್ನು ಕಳುಹಿಸುವ ಮನೆಗಳು ಬಾಡಿಗೆಯನ್ನು ಜಗ್ಗಿ ಜಗ್ಗಿ ಇಳಿಸಿ, ಆಮೇಲೆ ತಳವೇಕೆ ಗಟ್ಟಿಯಿಲ್ಲವೆಂದು ಕೇಳುವುದು ನ್ಯಾಯವಲ್ಲ.

ಒಂದರೊಡನೆ ಇನ್ನೊಂದನ್ನು ಬೆರಸಿದ, ಸಾರಹೀನವಾದ, ಮರೆಮಾಡಿದ ಸರಕು ಮಾರಾಟಕ್ಕೆ ತಕ್ಕುದಲ್ಲವೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಿಧಿಸಿದೆ. 1988ರ ಮೋಟಾರು ವಾಹನ ಕಾಯಿದೆಯೂ ಬಾಡಿಗೆಯ ವಾಹನಗಳಿಗೆ ಅರ್ಹತಾಪತ್ರವನ್ನು ಬೇಡುತ್ತದೆ. ಆದರೆ ಪರೀಕ್ಷಕನು ನೋಡುವುದು ಒಂದು ದಿನ. ಒಡೆಯನಿಗೆ ಗೊತ್ತಿರುವುದು ಪ್ರತಿದಿನ. 1689ರ ಸುಮಾರಿನಲ್ಲಿ ರಾಜಾರಾಮನು ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಶ್ರಯವನ್ನು ಬೇಡಿದಾಗ, ಆಶ್ರಯವಿತ್ತವಳು ಔರಂಗಜೇಬನ ಸೈನ್ಯದ ಭಾರವನ್ನೂ ಹೊತ್ತುಕೊಂಡಳು. ಬಂಡಿಯನ್ನು ಹತ್ತುವವನೂ ಅಲ್ಪಕಾಲದ ಶರಣಾಗತನೇ. ಅವನು ಹಾಸನ್ನು ಎತ್ತಿ ನೋಡಿ ಕೂರುವುದಿಲ್ಲ, ನಂಬಿ ಕೂರುತ್ತಾನೆ.

ರಥವೆಂಬುದು ಚಕ್ರವೂ ಅಲ್ಲ, ಅಚ್ಚೂ ಅಲ್ಲ, ಅಂಗಗಳೆಲ್ಲ ಕೂಡಿದಲ್ಲಿ ಸಲ್ಲುವ ಹೆಸರು ಎಂದು ನಾಗಸೇನನು ಯವನರಾಜನಾದ ಮಿಲಿಂದನಿಗೆ ತಿಳಿಸಿದನಷ್ಟೆ. ಆ ನ್ಯಾಯದಂತೆ, ಒಂದು ಅಂಗದಲ್ಲಿ ವಂಚನೆಯಿದ್ದರೆ ಇಡಿಯ ಹೆಸರೇ ಸುಳ್ಳಾಗುವುದು. ತಳದಲ್ಲಿ ತುಕ್ಕನ್ನು ಬಚ್ಚಿಟ್ಟು ಮೇಲೆ ಹೊಸ ಬಣ್ಣ ಬಳಿದದ್ದನ್ನು ಜೀಪೆಂದು ಕರೆಯುವುದು ಮಾತಿಗೆ ಮಾತ್ರ. ಕಾಣದ ಭಾಗಕ್ಕೂ ಕಾಣುವ ಭಾಗಕ್ಕೆ ಸಲ್ಲುವ ಲೋಹವನ್ನೇ ಸಲ್ಲಿಸುವುದು ಜೀರ್ಣೋದ್ಧಾರದ ಧರ್ಮ. ದೇವಾಲಯದ ಅಡಿಗಲ್ಲಿಗೆ ಹೇಗೋ, ಬಾಡಿಗೆಯ ಜೀಪಿನ ತಳಕ್ಕೂ ಹಾಗೆಯೇ.