ಕವರ್ ಮುಚ್ಚುವ ಮುಂಚೆ

ಟೈಮಿಂಗ್ ಬೆಲ್ಟ್‌ಗೆ ಒಂದು ಕೆಟ್ಟ ಗುಣ ಇದೆ. ಬ್ರೇಕ್ ಸವೆದರೆ ಕಿರುಗುಟ್ಟುತ್ತೆ, ಟೈರ್ ಸವೆದರೆ ಕಣ್ಣಿಗೆ ಕಾಣುತ್ತೆ. ಇದು ಮಾತ್ರ ಕವರಿನೊಳಗೆ ಸದ್ದಿಲ್ಲದೆ ತಿರುಗುತ್ತಿದ್ದು, ಬಹಳ ಸಲ ಯಾವ ಮುನ್ಸೂಚನೆಯನ್ನೂ ಕೊಡದೆ ತುಂಡಾಗುತ್ತೆ. ಹಲವು ಎಂಜಿನ್‌ಗಳಲ್ಲಿ ಆಗ ಪಿಸ್ಟನ್ ಮೇಲೆ ಬಂದು, ತೆರೆದಿರುವ ವಾಲ್ವ್‌ಗೆ ಹೊಡೆಯುತ್ತೆ. ಅಲ್ಲಿಗೆ ಎಂಜಿನ್ ಕಥೆ ಮುಗೀತು. ಅದಕ್ಕೇ ಇದನ್ನು ಕೆಡುವ ಮುಂಚೆಯೇ ಬದಲಾಯಿಸಬೇಕು.

ಕಾಮಸಮುದ್ರದಲ್ಲಿ ಅಪ್ಪನ ಹಳೇ ಕಾರಿಗೆ ಆ ಕಾಲ ಬಂದಿತ್ತು. ದುಡ್ಡು ಉಳಿಸೋಣ, ಕೈಯೂ ಪಳಗಲಿ ಅಂತ ಒಂದು ಭಾನುವಾರ ನಾನೇ ಅಂಗಳದಲ್ಲಿ ಕೂತೆ. ಚಕ್ರ ಬಿಚ್ಚಿ, ಕ್ರ್ಯಾಂಕ್ ಮತ್ತು ಕ್ಯಾಮ್ ಪುಲ್ಲಿಗಳ ಗುರುತು ಹೊಂದಿಸಿ, ಹೊಸ ಬೆಲ್ಟ್ ಹಾಕಿದೆ. ಸ್ಟಾರ್ಟ್ ಮಾಡುವ ಮುಂಚೆ ಒಂದು ಪರೀಕ್ಷೆ ಇದೆ: ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಕ್ಯಾಮ್ ಒಂದು ಸುತ್ತು ಮುಗಿಸಿ, ಎರಡೂ ಗುರುತುಗಳು ಮತ್ತೆ ಜಾಗಕ್ಕೆ ಬರಬೇಕು.

ಬರಲಿಲ್ಲ. ಕ್ಯಾಮ್ ಗುರುತು ಒಂದು ಹಲ್ಲು ಆಚೆ ನಿಂತಿತ್ತು.

ಕತ್ತಲಾಗ್ತಾ ಇತ್ತು. ಬೆಂಗಳೂರಿನ ರೈಲಿಗೆ ಹೊತ್ತಾಗಿತ್ತು. ಒಂದು ಹಲ್ಲು ತಪ್ಪಿದರೂ ಎಂಜಿನ್ ಸ್ಟಾರ್ಟ್ ಆಗೋದುಂಟು. ಟಾರ್ಚ್ ಹಿಡಿದು ನಿಂತಿದ್ದ ಅಪ್ಪ ಕೇಳಿದರು, "ಆಯ್ತೇನಪ್ಪಾ?"

'ಆಯ್ತು' ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು.

ಮನೆಯಲ್ಲೇ ರಿಪೇರಿ ಮಾಡುವವರ ವಾದ ನಿಮಗೂ ಗೊತ್ತು: ನನ್ನ ಗಾಡಿ, ನನ್ನ ಕೈ, ನನ್ನ ರಿಸ್ಕ್. ಆದ್ರೆ ನಾಳೆ ನಾನು ಆಫೀಸಿನಲ್ಲಿರ್ತೀನಿ. ಆ ಕಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಕೋಲಾರದ ಆಸ್ಪತ್ರೆಗೆ ಹೋಗೋದು ಅಪ್ಪ. ಉಳಿತಾಯ ನನ್ನದು, ಕಲಿಕೆ ನನ್ನದು, ಅಪಾಯ ಮಾತ್ರ ಅವರದ್ದು. ಗ್ಯಾರೇಜಿನವರನ್ನಾದರೆ ಅಪ್ಪ ಹತ್ತು ಪ್ರಶ್ನೆ ಕೇಳ್ತಿದ್ರು. ಮಗನನ್ನು ಕೇಳಲ್ಲ. ಯಾರು ನಮ್ಮನ್ನು ಅನುಮಾನಿಸೋದಿಲ್ಲವೋ ಅವರ ಪರವಾಗಿ ನಮ್ಮನ್ನು ನಾವೇ ಅನುಮಾನಿಸಬೇಕಲ್ವಾ?

ನಮ್ಮೂರಿಗೆ ಹತ್ತಿರದ ಕೆಜಿಎಫ್‌ನಲ್ಲಿ ಗಣಿಗಳು 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ಅಲ್ಲಿನ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳ. ಕಾರ್ಮಿಕರು ಉಕ್ಕಿನ ಹಗ್ಗಕ್ಕೆ ನೇತಾಡುವ ಕೇಜಿನಲ್ಲಿ ಇಳಿಯುತ್ತಿದ್ದರು. ಇಳಿಯುವವನು ಹಗ್ಗ ಪರೀಕ್ಷಿಸಿ ಹತ್ತೋಕಾಗಲ್ಲ. ಹಾಗಾಗಿ ಆ ಹಗ್ಗವನ್ನು ದಿನಕ್ಕೊಮ್ಮೆ ನೋಡಬೇಕು, ನೋಡಿದವನು ಬರೆದು ಸಹಿ ಹಾಕಬೇಕು ಅನ್ನೋದು ಗಣಿ ಕಾನೂನು. ಸಹಿ ಹಾಕಿದರೆ ಹಗ್ಗ ಗಟ್ಟಿಯಾಗಲ್ಲ ನಿಜ. ಆದರೆ ನೋಡದೆ ನೋಡಿದೆ ಅನ್ನೋದು ಕಷ್ಟವಾಗುತ್ತೆ.

ನಮ್ಮ ಕೆಲಸಗಳಲ್ಲೂ ಇಂಥ ಕವರುಗಳಿವೆ. ಪೂರ್ತಿ ಟೆಸ್ಟ್ ಮಾಡದ ಕೋಡನ್ನು ಶುಕ್ರವಾರ ಸಂಜೆ ಲೈವ್ ಮಾಡಿ ಮನೆಗೆ ಹೊರಟಾಗ ನಾವು ಮುಚ್ಚೋದು ಅಂಥದ್ದೇ ಒಂದನ್ನು.

"ಇಲ್ಲಪ್ಪಾ, ಒಂದು ಹಲ್ಲು ತಪ್ಪಿದೆ. ಬಿಚ್ಚಬೇಕು," ಅಂದೆ. ಅಪ್ಪ ಬೈಯಲಿಲ್ಲ, ಟಾರ್ಚನ್ನು ಇನ್ನೊಂಚೂರು ಹತ್ತಿರ ತಂದರು. ಮತ್ತೆ ಕೂರಿಸಿ ಎರಡು ಸುತ್ತು, ನಂಬಿಕೆ ಸಾಲದೆ ಇನ್ನೆರಡು ಸುತ್ತು ತಿರುಗಿಸಿದೆ. ಗುರುತುಗಳು ಜಾಗಕ್ಕೆ ಬಂದವು. ರೈಲು ಹೋಗಿತ್ತು.

ಬಾನೆಟ್ ಒಳಗೆ ಒಂದು ಚೀಟಿ ಅಂಟಿಸಿದ್ದೀನಿ: ತಾರೀಖು, ಕಿಲೋಮೀಟರ್, ನನ್ನ ಹೆಸರು. ಮುಂದೆ ಏನಾದರೂ ಆದರೆ, ಯಾರನ್ನು ಕೇಳಬೇಕು ಅಂತ ಅಪ್ಪನಿಗೆ ಗೊತ್ತಿರಲಿ.