ಹೂವಿನ ಸ್ವಾಮ್ಯವಿಚಾರ

ಚೈತ್ರ ವೈಶಾಖ ಮಾಸಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಯಾವ ಮನೆಯ ಅಂಗಳಕ್ಕೆ ಹೋದರೂ, ಮಧ್ಯಾಹ್ನದ ಊಟ ತೀರಿ ಪಾತ್ರೆಗಳನ್ನು ಬೆಳಗಿ ಕವುಚಿದ ಬಳಿಕ, ಹೆಂಗಸರ ಸಂಭಾಷಣೆಯು ಹೂವಿನ ಗಿಡಗಳ ಕಡೆಗೆ ತಿರುಗುವುದನ್ನು ಕೇಳಬಹುದು. ಜಗಲಿಯಲ್ಲಿ ಗಂಡಸರು ಅಡಕೆಯ ಧಾರಣೆಯನ್ನೂ ಕೊಳೆರೋಗವನ್ನೂ ಚರ್ಚಿಸುವ ಗಾಂಭೀರ್ಯಕ್ಕಿಂತ ಈ ಸಂಭಾಷಣೆಯ ಗಾಂಭೀರ್ಯವು ಯಾವ ವಿಧದಲ್ಲಿಯೂ ಕಡಮೆಯಾದುದಲ್ಲ. ಸುರಗಿಯು ಮುಗಿಯಿತೆ, ಒಣಗಿಸಿ ಇಟ್ಟುಕೊಂಡಿರುವಿರೋ ಇಲ್ಲವೋ. ಸಂಪಿಗೆಯು ಈ ಸಲ ಏಕೆ ಹಿಂದಾಯಿತು. ಹಲಸಿನ ಕೊಂಬೆಯ ಮೇಲಿನ ಸೀತಾಳೆದಂಡೆಯು ಎಷ್ಟು ಜಡೆ ಇಳಿಬಿಟ್ಟಿತು. ಕಳೆದ ಮಳೆಗಾಲದ ಡೇರೆಯ ಗಡ್ಡೆಗಳನ್ನು ಮರಳಿನಲ್ಲಿ ಕಾಪಾಡಿದವರಾರು, ಅಟ್ಟದ ಮೇಲಿಟ್ಟು ಇಲಿಗೆ ಒಪ್ಪಿಸಿದವರಾರು. ದಾಸವಾಳದ ಮೊಗ್ಗನ್ನು ಮಂಗಗಳಿಂದ ಉಳಿಸುವ ಉಪಾಯವೇನು. ಬಾವಿಯು ತಳ ಕಂಡಿರುವ ದಿನಗಳಲ್ಲಿಯೂ ಬಚ್ಚಲ ನೀರನ್ನು ಕಾಲುವೆ ಮಾಡಿ ಗಿಡದ ಬುಡಕ್ಕೆ ತಿರುಗಿಸಿದ ವೃತ್ತಾಂತಗಳೂ ಇದರಲ್ಲಿ ಬರುತ್ತವೆ.

“ಅಕ್ಕಾ, ನಿಮ್ಮ ಮನೆ ಬಿಳೀ ದಾಸವಾಳದ್ದೊಂದು ಗೆಲ್ಲು ಕೊಡ್ತೀರಾ?”

“ಮಳೆ ಹಿಡೀಲಿ ಮಾರಾಯ್ತಿ. ಈಗ ನೆಟ್ರೆ ಒಣಗಿ ಹೋಗ್ತದೆ, ಆಮೇಲೆ ನನ್ನ ಕೈಗುಣ ಸರಿಯಿಲ್ಲ ಅಂತೀಯ.”

ಹೀಗೆ ನಗುತ್ತ ನಡೆಯುವ ಮಾತಿನೊಳಗೆ ಪ್ರತಿವರ್ಷವೂ ಎರಡು ವಿಷಯಗಳು ತಪ್ಪದೆ ತಲೆದೋರುತ್ತವೆ. ಒಂದು, ಬೆಳಕು ಹರಿಯುವ ಮುನ್ನ ಯಾರೋ ಬಂದು ಬೇಲಿಯ ಮೇಲಿನ ಹೂಗಳನ್ನೆಲ್ಲ ದೇವರಪೂಜೆಗೆಂದು ಕೊಯ್ದುಕೊಂಡು ಹೋದರೆಂಬ ದೂರು. ಮತ್ತೊಂದು, ಕೇಳಿ ತಂದ ಗಿಡವು ಏಳುವುದಿಲ್ಲ, ಕದ್ದು ತಂದ ಗಿಡವೇ ಚೆನ್ನಾಗಿ ಚಿಗುರುವುದೆಂಬ ಹಳೆಯ ನಂಬಿಕೆ. ಮೊದಲನೆಯದನ್ನು ಬೇಸರದಿಂದಲೂ ಎರಡನೆಯದನ್ನು ಹಾಸ್ಯದಿಂದಲೂ ಹೇಳುವುದು ರೂಢಿ. ಆದರೆ ಎರಡರಲ್ಲಿಯೂ ಅಡಗಿರುವ ಪ್ರಶ್ನೆಯು ಒಂದೇ ಆಗಿದೆ: ಹೂವಿಗೆ ಒಡೆಯರುಂಟೆ? ಉಂಟಾದರೆ ಯಾವುದರ ಮೇಲೆ ಆ ಒಡೆತನ, ಹೂವಿನ ಮೇಲೆಯೋ ಗಿಡದ ಮೇಲೆಯೋ?

ಇದನ್ನು ಅಲ್ಪವಿಷಯವೆಂದು ನಮ್ಮ ಪೂರ್ವಿಕರು ಬಿಟ್ಟವರಲ್ಲ. ಗೌತಮ ಧರ್ಮಸೂತ್ರದ ಹನ್ನೆರಡನೆಯ ಅಧ್ಯಾಯದಲ್ಲಿ, ಹಸುವಿಗೆ ಹುಲ್ಲನ್ನೂ ಅಗ್ನಿಗೆ ಸೌದೆಯನ್ನೂ, ಬಳ್ಳಿಗಳ ಮತ್ತು ಮರಗಳ ಹೂಗಳನ್ನೂ ತನ್ನದೆಂಬಂತೆಯೇ ತೆಗೆದುಕೊಳ್ಳಬಹುದೆಂದು ಹೇಳಿದೆ. ಹಣ್ಣುಗಳನ್ನಾದರೋ ಬೇಲಿಯಿಲ್ಲದ ಮರಗಳಿಂದ ಮಾತ್ರ. ಹಣ್ಣಿಗೆ ಬೇಲಿಯ ಮರ್ಯಾದೆಯುಂಟು, ಹೂವಿಗೆ ಅದೂ ಇಲ್ಲ. ಯಾಜ್ಞವಲ್ಕ್ಯ ಸ್ಮೃತಿಯೂ ಇದೇ ಮಾರ್ಗವನ್ನು ಹಿಡಿದಿದೆ. ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನು, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಗೋವು, ಅಗ್ನಿ, ದೇವತೆ ಇವುಗಳ ನಿಮಿತ್ತವಾಗಿ ಮಾತ್ರ ಈ ಅನುಮತಿಯೆಂದು ಅವನು ಅದನ್ನು ಸಂಕೋಚಗೊಳಿಸುತ್ತಾನೆ. ಮುಂಜಾನೆ ಕೊಕ್ಕೆ ಕಟ್ಟಿದ ದೋಟಿಯನ್ನೂ ಒಂದು ಚೀಲವನ್ನೂ ಹಿಡಿದು ಬೀದಿಯುದ್ದಕ್ಕೂ ಹೂ ಕೊಯ್ಯುತ್ತ ಹೋಗುವ ಮಹನೀಯರಿಗೆ, ಅವರು ಈ ಗ್ರಂಥಗಳನ್ನು ಕಾಣದಿದ್ದರೂ, ಇಷ್ಟು ದೊಡ್ಡ ಆಧಾರವಿದೆಯೆಂಬುದನ್ನು ಮೊದಲಿಗೇ ಒಪ್ಪಿಬಿಡುವುದು ನ್ಯಾಯ.

ಆದರೆ ಆಧಾರವನ್ನು ಅದರ ಸನ್ನಿವೇಶದಿಂದ ಕಿತ್ತು ತರುವುದು ನ್ಯಾಯವಲ್ಲ. ಯಾಜ್ಞವಲ್ಕ್ಯನ ಆ ಶ್ಲೋಕದ ಪೂರ್ವಾರ್ಧವು ಗೋಮಾಳವನ್ನು ಕುರಿತದ್ದು: ಊರವರ ಇಚ್ಛೆಯಿಂದಲೋ ರಾಜನಿಂದಲೋ ದನ ಮೇಯುವ ಭೂಮಿಯನ್ನು ಏರ್ಪಡಿಸಬೇಕೆಂಬುದು ಅಲ್ಲಿಯ ವಿಷಯ. ಊರೆಲ್ಲವೂ ಒಂದೇ ಕಾಡಿನ ಅಂಚಿನಲ್ಲಿ ಬದುಕುತ್ತಿದ್ದಾಗ ಹೂವು ತಾನಾಗಿಯೇ ಅರಳುವ ವಸ್ತುವಾಗಿತ್ತು. ನಮ್ಮ ಕಡೆಯ ಸೊಪ್ಪಿನಬೆಟ್ಟವನ್ನು ನೋಡಿರಿ. ತೋಟದವನಿಗೆ ಅಲ್ಲಿ ಸೊಪ್ಪನ್ನು ಕಡಿಯುವ ಸೌಲಭ್ಯವುಂಟು, ಮರವು ಅವನದಲ್ಲ. ಅಂತಹ ಹಕ್ಕನ್ನು ಕಾಡಿನ ವಿಷಯದಲ್ಲಿ ಅರ್ಥಮಾಡಿಕೊಳ್ಳುವುದು ಸುಲಭ. ಒಬ್ಬಾಕೆಯು ಬಚ್ಚಲ ನೀರನ್ನು ಕೊಡದಲ್ಲಿ ಹೊತ್ತು ಹಾಕಿ, ಸಗಣಿಯನ್ನು ಕದಡಿ ಎರೆದು, ಏಪ್ರಿಲ್ ತಿಂಗಳ ಬಿಸಿಲಿನಿಂದ ಉಳಿಸಿಕೊಂಡ ಗಿಡಕ್ಕೂ ಅದನ್ನೇ ಅನ್ವಯಿಸಬಹುದೆ? ಅದೂ ಅಲ್ಲದೆ ಯಾಜ್ಞವಲ್ಕ್ಯನು ಈ ಅಧಿಕಾರವನ್ನು ಹೇಳಿರುವುದು ದ್ವಿಜನಿಗೆ. ನೀರೆರೆದ ಕೈ ಯಾರದೆಂಬ ಪ್ರಶ್ನೆಯೇ ಅಲ್ಲಿಲ್ಲ. ಬೆಳೆಸುವವರು ಒಬ್ಬರಾಗಿ ಕೊಯ್ಯುವ ಅಧಿಕಾರವು ಮತ್ತೊಬ್ಬರದಾಗುವ ವ್ಯವಸ್ಥೆಯನ್ನು, ಅದು ಎಷ್ಟು ಪುರಾತನವಾಗಿದ್ದರೂ, ನಾವು ಈಗ ಸಮರ್ಥಿಸಲಾರೆವು.

ಧರ್ಮಶಾಸ್ತ್ರಕಾರರಲ್ಲಿಯೇ ಇದರ ಬಗ್ಗೆ ಒಮ್ಮತವಿರಲಿಲ್ಲ ಎಂಬುದು ಹಲವರಿಗೆ ತಿಳಿಯದು. ಆಪಸ್ತಂಬ ಧರ್ಮಸೂತ್ರದಲ್ಲಿ ಒಂದು ಸೊಗಸಾದ ವಾದವು ಸಂಗ್ರಹವಾಗಿದೆ. ಪರರ ಸ್ವತ್ತನ್ನು ಯಾವ ಕಾರಣದಿಂದ ಅಪೇಕ್ಷಿಸಿ ತೆಗೆದುಕೊಂಡರೂ ಅವನು ಕಳ್ಳನೇ ಎಂಬುದು ಕೌತ್ಸ, ಹಾರೀತ, ಕಣ್ವ, ಪುಷ್ಕರಸಾದಿ ಈ ನಾಲ್ವರ ಮತ. ಇದಕ್ಕೆ ಅಪವಾದಗಳುಂಟೆಂದು ವಾರ್ಷ್ಯಾಯಣಿಯು ಹೇಳುತ್ತಾನೆ: ಕೋಶದಲ್ಲಿ ಬಲಿಯುತ್ತಿರುವ ಕಾಳನ್ನಾಗಲಿ ಗಾಡಿಯೆತ್ತಿಗೆ ಒಂದು ಹಿಡಿ ಮೇವನ್ನಾಗಲಿ ತೆಗೆದುಕೊಂಡರೆ ಒಡೆಯರು ಬೇಡವೆನ್ನುವುದಿಲ್ಲ, ಅತಿಯಾಗಿ ತೆಗೆದರೆ ಮಾತ್ರ ದೋಷ. ಕೊನೆಯಲ್ಲಿ ಹಾರೀತನು ಮತ್ತೆ ಎದ್ದು, ಎಲ್ಲ ಸಂದರ್ಭದಲ್ಲಿಯೂ ಮೊದಲು ಅನುಮತಿಯನ್ನು ಪಡೆಯತಕ್ಕದ್ದೆಂದು ಹಟ ಹಿಡಿಯುತ್ತಾನೆ. ಒಡೆಯನು ಬೇಡವೆನ್ನುವುದಿಲ್ಲವೆಂಬ ಊಹೆಯಿಂದ ತೆಗೆದುಕೊಳ್ಳುವವನು ಒಬ್ಬ, ಒಡೆಯನ ಬಾಯಿಂದಲೇ ಕೇಳಬೇಕೆನ್ನುವವನು ಒಬ್ಬ. ನಮ್ಮ ಅಂಗಳಗಳ ವ್ಯಾಜ್ಯವೂ ನಡೆಯುತ್ತಿರುವುದು ಇವರಿಬ್ಬರ ನಡುವೆಯೇ.

ಈಗ ಗೆಲ್ಲಿನ ವಿಷಯಕ್ಕೆ ಬರೋಣ. ಪೇಟೆಯ ಲೆಕ್ಕದಲ್ಲಿ ಗಿಡಕ್ಕೆ ಬೆಲೆ ಹೆಚ್ಚು, ಹೂವಿಗೆ ಕಡಮೆ. ಆದುದರಿಂದ ಗಿಡದ ಕಳವು ದೊಡ್ಡದು, ಹೂವಿನದು ಸಣ್ಣದೆಂದು ತೋರುತ್ತದೆ. ನಷ್ಟದ ಲೆಕ್ಕದಲ್ಲಿ ಇದು ತಿರುಗಿಬೀಳುತ್ತದೆ. ಮಳೆಗಾಲದ ಆರಂಭದಲ್ಲಿ ಬಲಿತ ಗೆಲ್ಲೊಂದನ್ನು ಕತ್ತರಿಸಿದರೆ ತಾಯಿಗಿಡವು ಸೊರಗುವುದಿಲ್ಲ, ಆ ಗಾಯದ ಕೆಳಗೆ ಎರಡು ಚಿಗುರು ಒಡೆಯುತ್ತದೆ. ಹೂವನ್ನಾದರೋ ಕೊಯ್ದರೆ ಆ ದಿನದ್ದು ಆ ದಿನಕ್ಕೇ ಹೋಯಿತು.

ಇನ್ನೂ ಒಂದು ವಿಶೇಷವಿದೆ. ಏಳುಸುತ್ತಿನ ಮಲ್ಲಿಗೆಯು ಬೀಜ ಕಟ್ಟುವುದಿಲ್ಲ. ಅದರ ಕೇಸರಗಳೇ ಎಸಳಾಗಿ ಮಾರ್ಪಟ್ಟಿವೆ. ಒತ್ತೆಸಳಿನ ದಾಸವಾಳವೇ ನಮ್ಮಲ್ಲಿ ಬೀಜವಾಗುವುದು ಅಪರೂಪ, ಸುತ್ತಿನ ದಾಸವಾಳದ ಮಾತಂತೂ ಬೇಡ. ಈ ಗಿಡಗಳು ವಂಶವನ್ನು ಮುಂದುವರಿಸಿರುವುದು ಗಾಳಿಯಿಂದಲೂ ಅಲ್ಲ, ಹಕ್ಕಿಯಿಂದಲೂ ಅಲ್ಲ. ಒಬ್ಬ ಹೆಂಗಸು ಮತ್ತೊಬ್ಬ ಹೆಂಗಸಿಗೆ ಮುರಿದುಕೊಟ್ಟ ಗೆಲ್ಲಿನಿಂದ. ಹಾಗಾದರೆ ನನ್ನ ಅಂಗಳದ ಮಲ್ಲಿಗೆಯು ಅಕ್ಕನ ಮನೆಯ ಮಲ್ಲಿಗೆಯೇ ಅಥವಾ ಬೇರೆಯೇ? ರೋಗಿಯು ನಿನ್ನೆ ಕುಡಿದ ಔಷಧವನ್ನೇ ಇಂದೂ ಕುಡಿದೆನೆನ್ನುತ್ತಾನೆ. ನಿನ್ನೆಯದು ಹೊಟ್ಟೆ ಸೇರಿತಲ್ಲ, ‘ಅದೇ’ ಎಂಬ ಮಾತು ಇಲ್ಲಿ ವ್ಯಕ್ತಿಯನ್ನಲ್ಲ, ಜಾತಿಯನ್ನು ಹಿಡಿದು ಬಂದದ್ದೆಂದು ತಾರ್ಕಿಕರು ಸಮಾಧಾನ ಹೇಳುತ್ತಾರೆ. ಗೆಲ್ಲಿನಿಂದಾದ ಗಿಡದಲ್ಲಿ ಈ ಸಮಾಧಾನವು ಪೂರ್ತಿ ನಿಲ್ಲುವುದಿಲ್ಲ. ಇಲ್ಲಿ ಜಾತಿ ಮಾತ್ರವಲ್ಲ, ಆ ದೇಹದ ತುಂಡೇ ಬಂದು ಬೇರೂರಿದೆ. ಊರಿನ ಮಲ್ಲಿಗೆಗಳೆಲ್ಲ ಹತ್ತು ಅಂಗಳಗಳಲ್ಲಿ ಹರಡಿದ ಒಂದೇ ಗಿಡವೆಂದರೆ ತಪ್ಪಾಗಲಾರದು. ಅಂತಹುದರ ಮೇಲೆ ‘ನನ್ನ ಮನೆಯಲ್ಲಿ ಮಾತ್ರ ಇರಲಿ’ ಎಂಬ ಒಡೆತನವನ್ನು ಸಾಧಿಸುವವರು, ತಾವೂ ಒಂದು ದಿನ ಕೈಯೊಡ್ಡಿ ಪಡೆದವರೆಂಬುದನ್ನು ಮರೆತಿದ್ದಾರೆ. ಕೊಡೆನೆನ್ನಲು ಅವರಿಗೆ ಅಧಿಕಾರವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬಾವಿ ಬತ್ತಿದ ಒಂದು ಬೇಸಗೆಯಲ್ಲಿ ಆ ಗಿಡವು ಸತ್ತರೆ ಮರಳಿ ಕೇಳುವುದಕ್ಕೆ ಅವರಿಗೆ ಒಂದು ಮನೆಯೂ ಇರುವುದಿಲ್ಲ.

ಇದನ್ನು ಬರಿಯ ತರ್ಕಕ್ಕಾಗಿ ಹೇಳುತ್ತಿಲ್ಲ. ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿದ ಅಣೆಕಟ್ಟು 1965ರಲ್ಲಿ ಪೂರ್ಣವಾಯಿತು. ನರಸಿಂಹರಾಜಪುರದ ಕಡೆಯ ಹಲವು ಊರುಗಳು ಅದರ ಹಿನ್ನೀರಿನಲ್ಲಿ ಮುಳುಗಿದುವು. ಹಾಗೆ ಎದ್ದುಬಂದ ಮನೆತನವೊಂದರಲ್ಲಿ ಆಗ ಹುಡುಗಿಯಾಗಿದ್ದು, ಈಗ ಎಪ್ಪತ್ತೈದನ್ನು ದಾಟಿದ ಒಬ್ಬ ಮಹಿಳೆಯು ನನ್ನ ಪರಿಚಿತರು. ಮನೆಯ ತೊಲೆಗಳನ್ನೂ ಹೆಂಚುಗಳನ್ನೂ ಗಾಡಿಯಲ್ಲಿ ಹೇರಿ ತಂದರಂತೆ. ಗಿಡಗಳನ್ನು ತರುವ ಯೋಚನೆ ಯಾರಿಗೂ ಬರಲಿಲ್ಲ. ಆದರೆ ಅವರ ತಾಯಿಯ ಮಲ್ಲಿಗೆಯ ಗೆಲ್ಲನ್ನು ಅದಕ್ಕೆ ಎಷ್ಟೋ ವರ್ಷಗಳ ಹಿಂದೆ ಕೊಪ್ಪದ ಕಡೆಯ ಚಿಕ್ಕಮ್ಮನೊಬ್ಬರು ಕೊಂಡೊಯ್ದಿದ್ದರು. ಕೇಳದೆಯೇ, ನಗುತ್ತ ಕದ್ದುಕೊಂಡು ಹೋದದ್ದೆಂದು ಇವರ ಹೇಳಿಕೆ. ಆ ಕದ್ದ ಗಿಡದಿಂದಲೇ ಮರಳಿ ಒಂದು ಗೆಲ್ಲು ಇವರ ಹೊಸ ಅಂಗಳಕ್ಕೆ ಬಂತು. ಆ ಗಿಡಕ್ಕೆ ಬೇರೂರಿದ್ದ ಮೂಲನೆಲವು ಇಂದು ನೀರಿನ ಅಡಿಯಲ್ಲಿದೆ. ಇಂತಹ ಕಡೆ ನಾನು ವಾರ್ಷ್ಯಾಯಣಿಯ ಪಕ್ಷದವನು. ಒಡೆಯರು ಬೇಡವೆನ್ನುವುದಿಲ್ಲ, ಬಹುಶಃ ಕದ್ದ ಗಿಡವು ಚಿಗುರುವುದೆಂಬ ನಂಬಿಕೆಯು ಹುಟ್ಟಿದ್ದೇ, ಕೊಡುವವರಿಗೂ ಕೊಳ್ಳುವವರಿಗೂ ಉಪಕಾರದ ಭಾರವು ತಟ್ಟದಿರಲೆಂದು.

ಅದೇ ಮಲ್ಲಿಗೆಯ ಹೂವಿನ ವಿಷಯದಲ್ಲಿ ನಾನು ಹಾರೀತನ ಕಡೆಗೆ ಸೇರುತ್ತೇನೆ. ಬೇಸಗೆಯಲ್ಲಿ ಆ ಬಳ್ಳಿಯು ದಿನಕ್ಕೆ ಒಂದು ಬೊಗಸೆ ಮೊಗ್ಗು ಕೊಡುತ್ತದೆ. ಅವರು ಎದ್ದು ಮುಖ ತೊಳೆದು, ಮಂಡಿನೋವಿನ ಕಾಲನ್ನೆಳೆಯುತ್ತ ಅಂಗಳಕ್ಕೆ ಇಳಿಯುವಷ್ಟರಲ್ಲಿ ಬಳ್ಳಿಯು ಬರಿದಾಗಿರುತ್ತದೆ. ಕೊಯ್ಯುವವರು ಯಾರೆಂಬುದು ಅವರಿಗೆ ಗೊತ್ತು. ದೈವಭಕ್ತರು, ಊರಲ್ಲಿ ಗೌರವವುಳ್ಳವರು. “ಬೇಡ ಅಂತ ಒಂದು ಮಾತು ಹೇಳಬಾರದೆ?” ಎಂದು ನೆರೆಮನೆಯಾಕೆ ಕೇಳಿದಾಗ, “ದೇವರಿಗೆ ಅಂತಾರಲ್ಲೇ, ಹೇಗೆ ಬೇಡ ಅನ್ನೋದು?” ಎಂದುಬಿಟ್ಟರು. ಅವರ ಮನೆಯ ದೇವರಿಗೆ ಆ ದಿನಗಳಲ್ಲಿ ತುಳಸಿಯ ಎರಡು ಕುಡಿಯೇ ಗತಿ. ಕೊಯ್ದವರ ದೇವರು ತಾಯಿಯ ನೆನಪಿನ ಹೂವಿನಿಂದ ಅಲಂಕೃತನಾಗಿರುತ್ತಾನೆ.

ಇಲ್ಲಿ ಕಳವಾಗುತ್ತಿರುವುದು ಬೊಗಸೆ ಮೊಗ್ಗು ಮಾತ್ರವಲ್ಲವೆಂದು ನನಗೆ ತೋರುತ್ತದೆ. ಅರ್ಪಿಸುವುದಕ್ಕೆ ಮೊದಲು ಅದು ತನ್ನದಾಗಿರಬೇಕು. ತನ್ನದಲ್ಲದ್ದನ್ನು ಕೊಟ್ಟು ಪಡೆದ ಪುಣ್ಯವು ಯಾರ ಲೆಕ್ಕಕ್ಕೆ ಜಮೆಯಾಗುವುದೆಂಬುದು ಹಾಗಿರಲಿ. ದೇವರ ಹೆಸರನ್ನು ಮುಂದಿಟ್ಟೊಡನೆ ಒಡತಿಯ ನಾಲಗೆಯು ಕಟ್ಟಿಹೋಗುತ್ತದೆ. ಬೇಡವೆಂದರೆ ದೇವರಿಗೆ ಬೇಡವೆಂದಂತೆ. ಬೇಡವೆನ್ನಲು ಸಾಧ್ಯವಿಲ್ಲದ ಕಡೆ, ಒಡೆಯರು ಬೇಡವೆನ್ನುವುದಿಲ್ಲವೆಂಬ ವಾರ್ಷ್ಯಾಯಣಿಯ ಆಧಾರವೇ ಕುಸಿಯುತ್ತದೆ. ಮೌನವನ್ನು ಸಮ್ಮತಿಯೆಂದು ಎಣಿಸುವುದು, ಮಾತಾಡುವ ಸ್ವಾತಂತ್ರ್ಯವಿರುವವರ ಮೌನಕ್ಕೆ ಮಾತ್ರ ಸಲ್ಲತಕ್ಕದ್ದು.

ಹಾಗಾದರೆ ಕೊಯ್ಯುವುದೇ ಬೇಡವೆಂಬ ಇನ್ನೊಂದು ಕಡೆಯ ವಾದವೂ ಇದೆ. ಅಲಂಕಾರಪ್ರಿಯಳಾದರೂ ಮಮತೆಯಿಂದ ಒಂದು ಚಿಗುರನ್ನೂ ಕೀಳದವಳೆಂದು ಕಾಳಿದಾಸನ ಕಣ್ವನು ಶಕುಂತಲೆಯನ್ನು ಕುರಿತು ಹೇಳುತ್ತಾನೆ. ಅದು ಋಷ್ಯಾಶ್ರಮದ ಮಾತು. ಸಂಪಿಗೆಯ ಕಾಲದಲ್ಲಿ ಮುಡಿಯದೆ ಇರಿ ಎಂದು ನಮ್ಮ ಮಲೆನಾಡಿನ ಹೆಂಗಸರಿಗೆ ಉಪದೇಶಿಸುವ ಧೈರ್ಯವು ನನಗಿಲ್ಲ. ಮುಡಿಯಲಿ, ಮಾಲೆ ಕಟ್ಟಲಿ, ಮಗಳ ಮನೆಗೆ ಬಾಳೆಯೆಲೆಯಲ್ಲಿ ಸುತ್ತಿ ಕಳುಹಿಸಲಿ. ಒಬ್ಬಾಕೆ ಗಿಡದ ಮೇಲೆಯೇ ಬಾಡಲೆಂದು ಬಿಟ್ಟರೆ ಅದೂ ಅವರ ಇಚ್ಛೆ. ಹೂವು ವ್ಯರ್ಥವಾಯಿತೆಂದು ಬೇಲಿಯ ಆಚೆ ನಿಂತವರು ಮರುಗಬೇಕಾದುದಿಲ್ಲ.

ಆ ಹಿರಿಯರ ಅಂಗಳಕ್ಕೆ ತಂತಿಬೇಲಿಯನ್ನು ಹಾಕಿಸಿಕೊಡುವೆನೆಂದು ಅವರ ಮಗನು ಕಳೆದ ವರ್ಷ ಹೇಳಿದನು. ಬೇಲಿ ಬಂದರೆ ಗೆಲ್ಲು ಕೇಳಲು ಬರುವ ಹುಡುಗಿಯರು ರಸ್ತೆಯಿಂದಲೇ ಹಿಂದಿರುಗುವರೆಂದು ಅವರು ಒಪ್ಪಲಿಲ್ಲ. ಮುಂಗಾರು ಹಿಡಿದ ವಾರದಲ್ಲಿ ಮೂರು ಮನೆಗಳಿಗೆ ಆ ಮಲ್ಲಿಗೆಯ ಗೆಲ್ಲುಗಳು ಹೋದುವು. ಒಂದನ್ನು, ಮುಂಜಾನೆಯ ಭಕ್ತರ ಸೊಸೆಯು ಹಗಲಿನಲ್ಲಿಯೇ ಬಂದು, ಕೇಳಿ ಪಡೆದುಕೊಂಡು ಹೋದಳಂತೆ.